ಎಣಿಸಿ ಹೆಜ್ಜೆಯಿಡುವ ಮೋಟಾರು

ನಮ್ಮ ಮನೆಗಳಲ್ಲಿ ಮೋಟಾರುಗಳಿಗೇನೂ ಬರವಿಲ್ಲ. ಫ್ಯಾನಿನಲ್ಲಿ ಒಂದು, ಮಿಕ್ಸಿಯಲ್ಲಿ ಒಂದು, ಬಾವಿಯ ಪಂಪಿನಲ್ಲಿ ಮತ್ತೊಂದು. ಗುಂಡಿ ಒತ್ತಿದರೆ ತಿರುಗುತ್ತವೆ, ಮತ್ತೆ ಒತ್ತಿದರೆ ನಿಲ್ಲುತ್ತವೆ. ಎಷ್ಟು ಸುತ್ತು ತಿರುಗಿದೆ, ಯಾವ ಕೋನದಲ್ಲಿ ನಿಂತಿದ್ದೀ ಎಂದು ಅವನ್ನು ನಾವು ಕೇಳುವುದಿಲ್ಲ. ಕೇಳಿದರೂ ಅವು ಹೇಳಲಾರವು. ಈ ಜಾತಿಗೆ ಸೇರದ ಇನ್ನೊಂದು ಮೋಟಾರು ಉಂಟು. ವಿದ್ಯುತ್ತನ್ನು ಕೊಟ್ಟಮಾತ್ರಕ್ಕೆ ಅದು ತಿರುಗುವುದಿಲ್ಲ. ತಿರುಗುವುದಿರಲಿ, ಕೈಯಿಂದ ಹೊರಳಿಸಲೂ ಆಗದಂತೆ ಬಿಗಿದು ನಿಂತುಬಿಡುತ್ತದೆ. ಒಂದು ಹೆಜ್ಜೆ ಇಡು ಎಂದರೆ ಒಂದೇ ಹೆಜ್ಜೆ, ಮುನ್ನೂರ ಹನ್ನೆರಡು ಎಂದರೆ ಮುನ್ನೂರ ಹನ್ನೆರಡೇ. ಅಂಗಡಿಯಲ್ಲಿ ಸ್ಟೆಪರ್ ಮೋಟಾರ್ ಎಂದು ಕೇಳಬೇಕು. ನಾನು ಅದನ್ನು ಹೆಜ್ಜೆ ಮೋಟಾರು ಎನ್ನುತ್ತೇನೆ.

ಕನ್ನಡ ಪಂಡಿತನಿಗೂ ಈ ಮೋಟಾರಿಗೂ ಏನು ನಂಟು ಎಂದು ವಾಚಕರು ಹುಬ್ಬೇರಿಸಬಹುದು. ನಂಟು ಒದಗಿದ್ದು ಒಂದು ತೇಗದ ಹಲಗೆಯಿಂದ. ನಾನು ಪಾಠ ಹೇಳುವ ಶಾಲೆಯ ಹಳೆಯ ಕಟ್ಟಡವನ್ನು ಕೆಡವಿದಾಗ, ಹೆಬ್ಬಾಗಿಲಿನ ಒಂದು ಹಲಗೆಯನ್ನು ಮಾತ್ರ ಉಳಿಸಿಕೊಂಡೆವು. ಎರಡು ಅಡಿ ಉದ್ದ, ಒಂಬತ್ತು ಅಂಗುಲ ಅಗಲ, ಗಂಟಿಲ್ಲದ ತೇಗ. ಅದರ ಮೇಲೆ 'ಪ್ರೌಢಶಾಲೆ' ಎಂದು ಕೆತ್ತಿಸಿ ಹೊಸ ಕಟ್ಟಡದಲ್ಲಿ ತೂಗುಹಾಕಬೇಕೆಂದು ಹಳೆಯ ವಿದ್ಯಾರ್ಥಿಗಳ ಆಸೆ. ಊರಿನಲ್ಲಿ ಅಕ್ಷರ ಕೆತ್ತುತ್ತಿದ್ದವರು ನಮ್ಮ ಆಚಾರ್ರು ಒಬ್ಬರೇ. ಅವರಿಗೆ ಈಗ ಬಲಭುಜದ ನೋವು. ಗಂಟೆಗಟ್ಟಲೆ ಕೊಡತಿ ಎತ್ತಿ ಉಳಿ ಹೊಡೆಯಲಾರರು. "ಬರೆದುಕೊಡ್ತೀನಿ ಮೇಷ್ಟ್ರೆ, ಕಡಿಯೋಕೆ ಆಗೊಲ್ಲ" ಎಂದು ದಪ್ಪ ಕಾಗದದ ಮೇಲೆ ಸೀಸದಕಡ್ಡಿಯಲ್ಲಿ ಆ ನಾಲ್ಕು ಅಕ್ಷರಗಳನ್ನು ಬರೆದು ನನ್ನ ಕೈಗಿತ್ತರು. ಅಂಥ ದುಂಡಾದ ಬರಹವನ್ನು ಈಚೆಗೆ ನಾನು ಕಂಡಿಲ್ಲ.

ಅದನ್ನು ನೋಡಿದ ನನ್ನ ತಂಗಿಯ ಮಗ, "ಮಾವ, ನನ್ನ ಯಂತ್ರ ಕೆತ್ತುತ್ತೆ, ಕೊಡಿ" ಎಂದ. ಅವನ ಯಂತ್ರವೆಂದರೆ ಹಿತ್ತಿಲ ಕೋಣೆಯಲ್ಲಿ ಅವನೇ ಜೋಡಿಸಿದ ಒಂದು ಚೌಕಟ್ಟು. ಎಡಬಲಕ್ಕೆ ಒಂದು ಹೆಜ್ಜೆ ಮೋಟಾರು, ಹಿಂದುಮುಂದಕ್ಕೆ ಒಂದು, ಮೇಲುಕೆಳಕ್ಕೆ ಒಂದು. ಪ್ರತಿಯೊಂದು ಮೋಟಾರೂ ಒಂದು ಉದ್ದನೆಯ ತಿರುಪನ್ನು ತಿರುಗಿಸುತ್ತದೆ. ತಿರುಪು ತಿರುಗಿದಂತೆ ಅದರ ಮೇಲಿನ ಗಾಡಿ ಸರಿಯುತ್ತದೆ. ಗಾಡಿಯಲ್ಲಿ ವೇಗವಾಗಿ ಸುತ್ತುವ ಕೊರೆಯುವ ಮೊನೆ. ಅಂಕೆಗಳ ಆಜ್ಞೆಯಂತೆ ನಡೆಯುವ ಇಂಥ ಯಂತ್ರಗಳಿಗೆ ಸಿ.ಎನ್.ಸಿ. ಎಂದು ಹೆಸರು.

ಇವುಗಳ ಮೂಲಪುರುಷನನ್ನು ಅಮೆರಿಕದ ಮೆಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯಲ್ಲಿ 1952ರಲ್ಲಿ ಪ್ರದರ್ಶಿಸಿದರು. ಹೆಲಿಕಾಪ್ಟರಿನ ರೆಕ್ಕೆಗಳನ್ನು ಮಾಡಿಸುತ್ತಿದ್ದ ಜಾನ್ ಪಾರ್ಸನ್ಸ್ ಎಂಬವರ ಯೋಚನೆಯಿಂದ ಹುಟ್ಟಿದ ಕೆಲಸ ಅದು. ಆಜ್ಞೆಗಳು ರಂಧ್ರ ಕೊರೆದ ಕಾಗದದ ಪಟ್ಟಿಯ ಮೇಲೆ; ಅವನ್ನು ಓದಿ ಯಂತ್ರವನ್ನು ನಡೆಸಲು ಬೀರುಗಳ ತುಂಬ ವಾಲ್ವುಗಳು. ಹಳೆಯ ರೇಡಿಯೊದಲ್ಲಿ ಕೆಂಪಗೆ ಬೆಳಗುತ್ತಿದ್ದವಲ್ಲ, ಆ ಜಾತಿಯವೇ, ನೂರಾರು. ಹುಡುಗನ ಬಳಿ ಅಷ್ಟೂ ಕೆಲಸವನ್ನು ಅಂಗೈಯಗಲದ ಒಂದು ಹಲಗೆ ಮಾಡುತ್ತದೆ.

ಮೊದಲು ಮೋಟಾರಿನ ಹೊಟ್ಟೆಯೊಳಗೆ ಏನಿದೆ ನೋಡೋಣ. ಹೊರಗಿನ ಸ್ಥಿರಭಾಗದಲ್ಲಿ ತಂತಿಯ ಸುರುಳಿಗಳು. ಲೆಕ್ಕಕ್ಕೆ ಎರಡು ತಂಡ ಎನ್ನಿ. ಒಳಗಿನ ತಿರುಗುವ ಭಾಗ ಒಂದು ಕಾಯಂ ಅಯಸ್ಕಾಂತ. ಅದರ ಎರಡು ತುದಿಗಳಲ್ಲೂ 50 ಹಲ್ಲುಗಳ ಒಂದೊಂದು ಚಕ್ರ, ಒಂದು ಚಕ್ರದ ಹಲ್ಲು ಇನ್ನೊಂದರ ಸಂದಿಗೆ ನೇರವಾಗಿ. ಮೊದಲನೆಯ ಸುರುಳಿಯಲ್ಲಿ ಪ್ರವಾಹ ಹರಿಸಿದರೆ ಹತ್ತಿರದ ಹಲ್ಲುಗಳು ಅದಕ್ಕೆ ಎದುರಾಗಿ ನಿಲ್ಲುತ್ತವೆ. ಅದನ್ನು ಆರಿಸಿ ಎರಡನೆಯದರಲ್ಲಿ ಹರಿಸಿದರೆ ಹಲ್ಲು ತನ್ನ ಅಂತರದ ಕಾಲುಭಾಗ ಮುಂದೆ ಸರಿಯುತ್ತದೆ. ಬಳಿಕ ಮೊದಲನೆಯದರಲ್ಲಿ ತಿರುವುಮುರುವಾಗಿ, ಆಮೇಲೆ ಎರಡನೆಯದರಲ್ಲಿ ತಿರುವುಮುರುವಾಗಿ. ನಾಲ್ಕು ಹೆಜ್ಜೆಗೆ ಒಂದು ಹಲ್ಲು. 50 ಹಲ್ಲಿಗೆ 200 ಹೆಜ್ಜೆ. ಆಗ ಒಂದು ಪೂರ್ಣ ಸುತ್ತು. ಒಂದು ಹೆಜ್ಜೆಗೆ 1.8 ಅಂಶ. ಈ ಕ್ರಮವನ್ನೇ ಹಿಂದಿನಿಂದ ಹೇಳಿದರೆ ಮೋಟಾರು ಹಿಮ್ಮುಖವಾಗಿ ನಡೆಯುತ್ತದೆ.

ಅಂಗಡಿಯಿಂದ ತಂದ ಮೋಟಾರಿಗೆ ನಾಲ್ಕು ತಂತಿಗಳಿದ್ದು, ಯಾವೆರಡು ಒಂದೇ ಸುರುಳಿಯವು ಎಂದು ತಿಳಿಯದಿದ್ದರೆ ಒಂದು ಸುಲಭೋಪಾಯವಿದೆ. ಯಾವುದಕ್ಕೂ ಸಂಪರ್ಕವಿಲ್ಲದಾಗ, ಎರಡು ತಂತಿಗಳ ತುದಿಗಳನ್ನು ಒಂದಕ್ಕೊಂದು ತಾಗಿಸಿ ದಂಡವನ್ನು ಬೆರಳಿನಿಂದ ತಿರುಗಿಸಿ ನೋಡಿ. ಬಿಗಿಯೆನಿಸಿದರೆ ಅವೆರಡೂ ಒಂದೇ ಸುರುಳಿಯ ತುದಿಗಳು. ತಿರುಗುವ ಅಯಸ್ಕಾಂತ ಸುರುಳಿಯಲ್ಲಿ ಪ್ರವಾಹವನ್ನು ಹುಟ್ಟಿಸುತ್ತದೆ, ಆ ಪ್ರವಾಹ ತಿರುಗುವುದನ್ನೇ ತಡೆಯುತ್ತದೆ. ಮಕ್ಕಳಿಗೆ ಇದನ್ನು ಮಾಡಿ ತೋರಿಸಿದೆ. ವಿಜ್ಞಾನದ ಮೇಷ್ಟ್ರಿಗೆ ಸ್ವಲ್ಪ ಅಸೂಯೆಯಾಗಿರಬೇಕು.

ಇನ್ನು ನಿಯಂತ್ರಕದ ಮಾತು. ಸುರುಳಿಗಳನ್ನು ಸರದಿಯಂತೆ ಹೊತ್ತಿಸಿ ಆರಿಸುವವರು ಯಾರಾದರೂ ಬೇಕಲ್ಲ? ಹುಡುಗ ಮೊದಲು ಆರು ತಂತಿಯ ಒಂದು ಹಳೆಯ ಮೋಟಾರಿಗೆ ನಾಲ್ಕು ಟ್ರಾನ್ಸಿಸ್ಟರುಗಳನ್ನು ಬೆಸೆದು ಪ್ರಯೋಗ ಮಾಡಿದ. ಅರ್ಧ ನಿಮಿಷ ನಡೆಯಿತು, ಆಮೇಲೆ ಸುಟ್ಟ ವಾಸನೆ. ಕಾರಣವನ್ನು ರೇಡಿಯೊ ಕೇಳುವವರೆಲ್ಲ ಬಲ್ಲರು, ಬಲ್ಲೆವೆಂದು ತಿಳಿದಿಲ್ಲ ಅಷ್ಟೆ. ಫ್ಯಾನಿನ ಗುಂಡಿ ಆರಿಸಿದಾಗ ರೇಡಿಯೊದಲ್ಲಿ 'ಟಪ್' ಎಂದು ಸದ್ದಾಗುತ್ತದಷ್ಟೆ? ಸುರುಳಿಯಲ್ಲಿ ಹರಿಯುತ್ತಿರುವ ಪ್ರವಾಹ ತಟಕ್ಕನೆ ನಿಲ್ಲಲು ಒಪ್ಪುವುದಿಲ್ಲ. ದಾರಿ ಕಡಿದರೆ ಕ್ಷಣಮಾತ್ರ ಬಹು ದೊಡ್ಡ ವೋಲ್ಟೇಜನ್ನು ಎಬ್ಬಿಸಿ ಹಾರಲು ನೋಡುತ್ತದೆ. ಗುಂಡಿಯಲ್ಲಿ ಅದು ಕಿಡಿ, ರೇಡಿಯೊದಲ್ಲಿ ಸದ್ದು, ಟ್ರಾನ್ಸಿಸ್ಟರಿಗೆ ಮರಣ. ಪ್ರತಿ ಸುರುಳಿಗೂ ಒಂದೊಂದು ಡಯೋಡನ್ನು ಹಾಕಿ ಆ ಪ್ರವಾಹಕ್ಕೆ ಸುತ್ತಿ ಇಳಿಯುವ ದಾರಿ ಮಾಡಿಕೊಟ್ಟ ಮೇಲೆ ವಾಸನೆ ನಿಂತಿತು.

ನಾಲ್ಕು ತಂತಿಯ ಮೋಟಾರಿಗೆ ಇಷ್ಟು ಸಾಲದು. ಅಲ್ಲಿ ಪ್ರವಾಹವನ್ನು ತಿರುವುಮುರುವಾಗಿಯೂ ಹರಿಸಬೇಕು. ಸುರುಳಿಯ ಎರಡು ತುದಿಗಳಿಗೂ ಮೇಲೊಂದು ಕೆಳಗೊಂದು ಸ್ವಿಚ್ಚು. ಎಡದ ಮೇಲಿನದು ಮತ್ತು ಬಲದ ಕೆಳಗಿನದು ತೆರೆದರೆ ಒಂದು ದಿಕ್ಕು, ಇನ್ನೆರಡು ತೆರೆದರೆ ಎದುರು ದಿಕ್ಕು. ಒಂದೇ ಪಕ್ಕದ ಎರಡೂ ಒಟ್ಟಿಗೆ ತೆರೆದುವೋ, ವಿದ್ಯುತ್ತು ಮೋಟಾರನ್ನು ಮುಟ್ಟದೆ ನೇರವಾಗಿ ಹಾಯ್ದು ಎಲ್ಲವನ್ನೂ ಸುಡುತ್ತದೆ.

ಇದಕ್ಕಿಂತಲೂ ನನಗೆ ಸೋಜಿಗವೆನಿಸಿದ ಸಂಗತಿ ಬೇರೆ. ನಮ್ಮ ಮೋಟಾರಿನ ಸುರುಳಿಯ ರೋಧ 1.5 ಓಮ್, ತಾಳಬಲ್ಲ ಪ್ರವಾಹ 1.7 ಆಂಪಿಯರ್. ಗುಣಿಸಿದರೆ ಎರಡೂವರೆ ವೋಲ್ಟು ಸಾಕು. ಹುಡುಗನಾದರೋ 24 ವೋಲ್ಟು ಕೊಡುತ್ತಾನೆ! "ಸುಟ್ಟುಹೋಗೋದಿಲ್ಲವೇನೋ?" ಎಂದೆ. ಅವನು ವಿವರಿಸಿದ. ಸುರುಳಿಯಲ್ಲಿ ಪ್ರವಾಹ ನಿಲ್ಲಲು ಹೇಗೆ ಮೊಂಡೋ ಹೊರಡಲೂ ಹಾಗೆಯೇ ಮೊಂಡು. ಎರಡೂವರೆ ವೋಲ್ಟಿನಲ್ಲಿ ಒಂದು ಆಂಪಿಯರ್ ಮುಟ್ಟಲು ಅದಕ್ಕೆ ಸೆಕೆಂಡಿನ ಸಾವಿರದ ಒಂದು ಭಾಗದ ಸುಮಾರು 1.6ರಷ್ಟು ಹೊತ್ತು ಬೇಕು. ಗಾಡಿಯನ್ನು ಸ್ವಲ್ಪ ಬೇಗನೆ, ಸೆಕೆಂಡಿಗೆ 25 ಮಿಲಿಮೀಟರಿನಂತೆ ಓಡಿಸಿದರೆ ಒಂದು ಪೂರ್ಣ ಹೆಜ್ಜೆಗೆ ಸಿಗುವ ಹೊತ್ತೂ ಅಷ್ಟೆ. ಪ್ರವಾಹ ಬಂದು ತಲಪುವಷ್ಟರಲ್ಲಿ ಮುಂದಿನ ಹೆಜ್ಜೆಯ ಕರೆ. ಮೋಟಾರಿಗೆ ಬಲವೆಲ್ಲಿಂದ ಬರಬೇಕು? 24 ವೋಲ್ಟಿನಲ್ಲಿ ಅದೇ ಒಂದು ಆಂಪಿಯರನ್ನು 0.12ರಷ್ಟು ಹೊತ್ತಿನಲ್ಲೇ ಮುಟ್ಟುತ್ತದೆ. ಮುಟ್ಟಿದ ಕೂಡಲೇ ಕಡಿದುಬಿಡಬೇಕು. ಇಳಿಯತೊಡಗಿದರೆ ಮತ್ತೆ ಬಿಡಬೇಕು. ಒಲೆಯ ಮುಂದೆ ಹಾಲು ಕಾಯಿಸುವವರು ಮಾಡುವುದೇನು? ಜೋರು ಉರಿ ಇಟ್ಟು, ಉಕ್ಕಿಬಂದೊಡನೆ ತಗ್ಗಿಸಿ, ಇಳಿದೊಡನೆ ಮತ್ತೆ ಏರಿಸುತ್ತಾರೆ. ಇದೂ ಹಾಗೆಯೇ, ಸೆಕೆಂಡಿಗೆ ಸಾವಿರಾರು ಸಲ.

ಆ ಕಾವಲಿನ ಕೆಲಸಕ್ಕೆ ಎ4988 ಎಂಬ ಬೆರಳುಗುರಿನಷ್ಟರ ಚಿಪ್ಪು ಸಿಗುತ್ತದೆ. ಮೇಲೆ ಹೇಳಿದ ಸ್ವಿಚ್ಚುಗಳೂ ಡಯೋಡಿನ ಕೆಲಸವೂ ಅದರೊಳಗೇ. ಅದನ್ನು ಸಣ್ಣ ಹಲಗೆಗೆ ಬೆಸೆದೇ ಮಾರುತ್ತಾರೆ. ಹಾಗಾದರೆ ಮನೆಯಲ್ಲಿ ಮಾಡಿದ ನಿಯಂತ್ರಕ ಹೇಗಾಯಿತು ಎಂದು ಕೇಳುವವರಿಗೆ ನನ್ನ ಉತ್ತರ: ಮನೆಯಲ್ಲೇ ಉಪ್ಪಿನಕಾಯಿ ಹಾಕುವವರು ಉಪ್ಪನ್ನೂ ಮನೆಯಲ್ಲಿ ಬೆಳೆಯುವುದಿಲ್ಲ. ಸುರುಳಿಯ ಪ್ರವಾಹವೆಲ್ಲ 0.1 ಓಮಿನ ಒಂದು ಪುಟ್ಟ ರೋಧಕದ ಮೂಲಕ ಹಾಯುತ್ತದೆ. ಅಲ್ಲಿ ಹುಟ್ಟುವ ವೋಲ್ಟೇಜನ್ನು ಚಿಪ್ಪು ನಾವು ಗೊತ್ತುಮಾಡಿದ ಅಳತೆಯೊಡನೆ ಹೋಲಿಸುತ್ತದೆ. ಅಳತೆಯ ವೋಲ್ಟೇಜು ಬೇಕಾದ ಆಂಪಿಯರು, ಆ ರೋಧ, ಎಂಟು ಈ ಮೂರರ ಗುಣಲಬ್ಧವಾಗಿರಬೇಕು. ಒಂದು ಆಂಪಿಯರಿಗೆ 0.8 ವೋಲ್ಟು. ಒಂದು ಪುಟ್ಟ ತಿರುಪನ್ನು ತಿರುಗಿಸಿ, ಮೀಟರಿನಲ್ಲಿ ನೋಡಿ ಇದನ್ನು ನಿಲ್ಲಿಸಬೇಕು. ರೋಧಕ ಬೇರೆ ಬೆಲೆಯದಾಗಿದ್ದರೆ ಲೆಕ್ಕವೂ ಬೇರೆ. ಹಲಗೆಯ ಮೇಲಿನ ಗುರುತನ್ನು ಭೂತಗನ್ನಡಿ ಹಿಡಿದು ಓದದೆ ಮುಂದುವರಿಯಬಾರದು.

ಇದೇ ಚಿಪ್ಪು ಹೆಜ್ಜೆಯನ್ನು ಒಡೆಯಲೂ ಬಲ್ಲದು. ಎರಡು ಸುರುಳಿಗಳಿಗೂ ಪ್ರವಾಹವನ್ನು ಪಾಲುಮಾಡಿ ಕೊಟ್ಟರೆ ಹಲ್ಲು ನಡುವೆಯೂ ನಿಲ್ಲುತ್ತದೆ. ಒಂದು ಹೆಜ್ಜೆಯನ್ನು 16 ಪಾಲುಮಾಡಿದರೆ ಸುತ್ತಿಗೆ 3200. ನಮ್ಮ ತಿರುಪು ಒಂದು ಸುತ್ತಿಗೆ 8 ಮಿಲಿಮೀಟರು ಸರಿಸುತ್ತದೆ. ಆದ್ದರಿಂದ ಮಿಲಿಮೀಟರಿಗೆ 400 ಪುಟ್ಟ ಹೆಜ್ಜೆ. ಇದನ್ನು ಕೇಳಿ ಅಷ್ಟೊಂದು ನಿಖರತೆಯೆಂದು ಹಿಗ್ಗಬೇಡಿ. ಪುಟ್ಟ ಹೆಜ್ಜೆಯೊಂದರ ಬಲ ಪೂರ್ತಿ ಬಲದ ಹತ್ತರಲ್ಲೊಂದು ಪಾಲಿನಷ್ಟೆ. ಮರ ಎದುರಾದರೆ ಹೆಜ್ಜೆ ಒಂದೆರಡು ಕೂದಲೆಳೆ ಹಿಂದುಳಿಯುತ್ತದೆ. ನಡಿಗೆ ನಯವಾಗುವುದು ಮಾತ್ರ ನಿಜ.

ಚಿಪ್ಪಿಗೆ ಆಜ್ಞೆ ಕೊಡಲು ಎರಡೇ ತಂತಿ ಸಾಕು: ಒಂದು ದಿಕ್ಕನ್ನು ಹೇಳುತ್ತದೆ, ಇನ್ನೊಂದರಲ್ಲಿ ಒಂದೊಂದು ಮಿಡಿತಕ್ಕೂ ಒಂದೊಂದು ಹೆಜ್ಜೆ. ಮಿಡಿಯುವವನು ಆರ್ಡುಯಿನೊ. ಇಟಲಿಯ ಇವ್ರೆಯ ಎಂಬ ಊರಿನಲ್ಲಿ 2005ರಲ್ಲಿ ವಿದ್ಯಾರ್ಥಿಗಳಿಗೆಂದು ಹುಟ್ಟಿದ ಅಗ್ಗದ ಗಣಕಹಲಗೆ ಇದು. ಇದರೊಳಗೆ ತುಂಬುವ ಗ್ರಬಲ್ ಎಂಬ ಕ್ರಮವಿಧಿಯನ್ನು ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್ರುಡ್ 2009ರಲ್ಲಿ ಆರಂಭಿಸಿ ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು. ಆಚಾರ್ರ ಬರಹದ ಛಾಯಾಚಿತ್ರ ತೆಗೆದು, ಗಣಕದಲ್ಲಿ ಅದರ ಅಂಚನ್ನು ತಿದ್ದಿ, ಇಲ್ಲಿಂದ ಇಲ್ಲಿಗೆ ಹೋಗು, ಇಷ್ಟು ಆಳ ಇಳಿ ಎಂಬ ಆಜ್ಞೆಗಳ ಸಾಲುಗಳನ್ನಾಗಿ ಮಾಡಿದ್ದಾಯಿತು.

ಇಲ್ಲಿ ಒಂದು ಸ್ವಾರಸ್ಯವಿದೆ. ಎಡಬಲದ ಮೋಟಾರು 40 ಹೆಜ್ಜೆ, ಹಿಂದುಮುಂದಿನದು 25 ಹೆಜ್ಜೆ ನಡೆದು ಓರೆಗೆರೆಯೊಂದನ್ನು ಎಳೆಯಬೇಕೆನ್ನಿ. ಒಂದು ಪೂರ್ತಿ ನಡೆದ ಮೇಲೆ ಇನ್ನೊಂದು ನಡೆದರೆ ಮೆಟ್ಟಿಲಾದೀತೇ ಹೊರತು ಗೆರೆಯಾಗದು. ಅಮೆರಿಕದ ಜಾಕ್ ಬ್ರೆಸೆನ್‌ಹ್ಯಾಮ್ 1962ರಲ್ಲಿ ಇದಕ್ಕೊಂದು ಲೆಕ್ಕ ಕಂಡುಹಿಡಿದರು. ಮೊದಲನೆಯದು ಹೆಜ್ಜೆಯಿಟ್ಟಾಗಲೆಲ್ಲ ಖಾತೆಗೆ 25 ಜಮಾ. ಖಾತೆ 40 ಮುಟ್ಟಿದರೆ ಎರಡನೆಯದೂ ಒಂದು ಹೆಜ್ಜೆಯಿಡಬೇಕು, ಖಾತೆಯಿಂದ 40 ಕಳೆಯಬೇಕು. ನಮ್ಮ ಪಂಚಾಂಗದಲ್ಲಿ ಅಧಿಕಮಾಸ ಬರುವುದೂ ಹೀಗೆಯೇ ಅಲ್ಲವೆ? ಚಾಂದ್ರವರ್ಷಕ್ಕೂ ಸೌರವರ್ಷಕ್ಕೂ ವರ್ಷಕ್ಕೆ ಹನ್ನೊಂದು ದಿನದಷ್ಟು ಬಾಕಿ; ಅದು ಕೂಡಿ ಒಂದು ತಿಂಗಳಷ್ಟಾದಾಗ ಒಂದು ಮಾಸವನ್ನು ಸೇರಿಸಿ ಲೆಕ್ಕ ತೀರಿಸುತ್ತೇವೆ. ಭಾಗಾಕಾರವಿಲ್ಲ, ದಶಮಾಂಶವಿಲ್ಲ, ಕೂಡುವುದು, ಕಳೆಯುವುದು. ಕನ್ನಡದ ಅಕ್ಷರಗಳಲ್ಲಿ ಗೆರೆಗಿಂತ ದುಂಡೇ ಹೆಚ್ಚು. ಯಂತ್ರಕ್ಕೆ ದುಂಡೆಂಬುದೇ ತಿಳಿಯದು. ಕಣ್ಣಿಗೆ ಕಾಣದಷ್ಟು ಚಿಕ್ಕ ನೇರಗೆರೆಗಳನ್ನು ಪೋಣಿಸಿ 'ಲೆ'ಯ ಸುಳಿಯನ್ನು ಸುತ್ತುತ್ತದೆ.

ಹೆಜ್ಜೆ ಮೋಟಾರಿಗೆ ಕಣ್ಣಿಲ್ಲ. ಆಜ್ಞೆ ಕೊಟ್ಟವನು ಹೆಜ್ಜೆಯಿಟ್ಟಿತೆಂದು ನಂಬುತ್ತಾನೆ. ಇಡದಿದ್ದರೆ ತಿಳಿಯುವ ಬಗೆಯಿಲ್ಲ. ಭಾಮಿನಿ ಷಟ್ಪದಿಯ 14 ಮಾತ್ರೆಯ ಸಾಲಿನಲ್ಲಿ ಒಂದು ಮಾತ್ರೆ ಬಿದ್ದರೆ ಓದುವವನ ನಾಲಗೆಯೇ ಎಡವಿ ಹೇಳುತ್ತದೆ. ಇದು ಎಡವಿದ ಮೇಲೂ ಅದೇ ಗಾಂಭೀರ್ಯದಿಂದ ಮುಂದಿನ ಅಕ್ಷರವನ್ನು ತಪ್ಪಿದ ಜಾಗದಲ್ಲೇ ಕೆತ್ತುತ್ತ ಹೋಗುತ್ತದೆ.

ಹಾಗೆಯೇ ಆಯಿತು. ಪುಣ್ಯಕ್ಕೆ, ಮೊದಲು ಪೆಟ್ಟಿಗೆಯ ಮರದ ಮೇಲೆ ಪರೀಕ್ಷೆ ಮಾಡಿ ಎಂದು ನಾನು ಹಟ ಹಿಡಿದಿದ್ದೆ. 'ಪ್ರೌ' ಸೊಗಸಾಗಿ ಬಂತು. 'ಢ'ದ ಮೈ ಆಯಿತು. ಅಡಿಯ ಸಣ್ಣ ಗೆರೆಯನ್ನು ಹಾಕುವ ಹೊತ್ತಿಗೆ ಯಂತ್ರ ಎಲ್ಲೋ ಹೆಜ್ಜೆ ಕಳೆದುಕೊಂಡಿತ್ತು. ಗೆರೆ ಅರ್ಧ ಅಂಗುಲ ಆಚೆ, ಯಾರಿಗೂ ಸೇರದಂತೆ ಬಿತ್ತು. 'ಪ್ರೌಡಶಾಲೆ'! ಇಪ್ಪತ್ತೈದು ವರ್ಷಗಳಿಂದ ಕೆಂಪು ಶಾಯಿಯಲ್ಲಿ ನಾನು ತಿದ್ದುತ್ತ ಬಂದ ತಪ್ಪನ್ನು, ಮಹಾಪ್ರಾಣದ ತಲೆ ಹೊಡೆದು, ಯಂತ್ರ ನನ್ನೆದುರಿಗೇ ಮಾಡಿತು. ಆ ತೇಗದ ಹಲಗೆಗೆ ಎರಡನೆಯ ಪ್ರತಿ ಇಲ್ಲ. ಹಲಗೆಯನ್ನು ಕಂಬಳಿಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟೆ.

ದೋಷ ಹುಡುಕಲು ಹದಿನೈದು ದಿನ ಹಿಡಿಯಿತು. ಮೀಟರು ಹಿಡಿದು ನೋಡಿದರೆ ಅಳತೆಯ ವೋಲ್ಟೇಜು 0.4; ಮೋಟಾರಿಗೆ ಸಿಗುತ್ತಿದ್ದುದು ಅರ್ಧ ಆಂಪಿಯರು ಮಾತ್ರ. 0.8ಕ್ಕೆ ಏರಿಸಿದೆವು. ಈಗ ಇಪ್ಪತ್ತು ನಿಮಿಷ ಸರಿಯಾಗಿ ನಡೆದು ಆಮೇಲೆ ತಪ್ಪತೊಡಗಿತು. ಚಿಪ್ಪು ಮುಟ್ಟಲಾಗದಷ್ಟು ಕಾದಿತ್ತು. ಅತಿಯಾಗಿ ಕಾದರೆ ಅದು ತನ್ನನ್ನು ತಾನೇ ಆರಿಸಿಕೊಂಡು, ತಣಿದ ಮೇಲೆ ಏನೂ ಆಗದಂತೆ ಮತ್ತೆ ಎದ್ದು ಕೂರುತ್ತದೆ. ನಡುವೆ ಹೋದ ಹೆಜ್ಜೆಗಳು ಹೋದುವು. ಬೆನ್ನಿಗೆ ಅಲ್ಯೂಮಿನಿಯಂ ರೆಕ್ಕೆ ಅಂಟಿಸಿ ಪುಟ್ಟ ಫ್ಯಾನನ್ನು ಇಟ್ಟೆವು. ಈ ಹಂತದಲ್ಲಿ ಒಂದು ಚಿಪ್ಪನ್ನು ಕೊಂದ ಪಾಪ ನನ್ನದು. ಧೂಳು ಒರೆಸುತ್ತ, ವಿದ್ಯುತ್ತು ಇರುವಾಗಲೇ ಮೋಟಾರಿನ ತಂತಿಯ ಜೋಡಣೆಯನ್ನು ಕಿತ್ತೆ. ಫ್ಯಾನಿನ ಗುಂಡಿಯ 'ಟಪ್' ಕಥೆಯೇ. "ಮಾವ, ಪಾಠ ಕೇಳಿದ್ದೂ ನೀವೇ ಅಲ್ವಾ?" ಎಂದ ಹುಡುಗ. ಉತ್ತರ ಕೊಡಲಿಲ್ಲ. ವಿದ್ಯುತ್ತನ್ನು ಆರಿಸಿ, ಒಂದು ನಿಮಿಷ ತಡೆದು, ಆಮೇಲೆ ತಂತಿ ಮುಟ್ಟಬೇಕು. ಚಿಪ್ಪಿನ ಹತ್ತಿರದಲ್ಲೇ, 24 ವೋಲ್ಟಿನ ತಂತಿಗಳಿಗೆ ಅಡ್ಡಲಾಗಿ, 100 ಮೈಕ್ರೊಫ್ಯಾರಡಿನ ಒಂದು ಕೆಪಾಸಿಟರನ್ನೂ ತಪ್ಪದೆ ಹಾಕಬೇಕು, ಧನ ಋಣ ನೋಡಿಕೊಂಡು.

ಇಷ್ಟಾದರೂ ಆಗೊಮ್ಮೆ ಈಗೊಮ್ಮೆ ಒಂದು ಮಿಲಿಮೀಟರು ತಪ್ಪುತ್ತಲೇ ಇತ್ತು. ಹೊರಡುವ ವೇಗವನ್ನು ಮೆಲ್ಲಗೆ ಏರಿಸಿ ಮೆಲ್ಲಗೆ ಇಳಿಸುವಂತೆ ಅಂಕೆಗಳನ್ನು ಬದಲಿಸಿದ, ಪ್ರಯೋಜನವಿಲ್ಲ. ಕೊನೆಗೆ ಮೋಟಾರಿನ ದಂಡಕ್ಕೂ ಅದನ್ನು ತಿರುಪಿಗೆ ಕೂಡಿಸುವ ಕೊಳವೆಗೂ ಅಡ್ಡಲಾಗಿ ಶಾಯಿಯ ಒಂದು ಗೆರೆ ಎಳೆದೆವು. ಅರ್ಧ ಗಂಟೆಯ ಮೇಲೆ ನೋಡಿದರೆ ಗೆರೆ ಎರಡು ತುಂಡು! ಕೊಳವೆಯ ಪುಟ್ಟ ತಿರುಪು ಸಡಿಲವಾಗಿತ್ತು. ನಿಯಂತ್ರಕ ನಿರಪರಾಧಿ; ಎರಡು ವಾರ ಅದನ್ನೇ ಬೈದಿದ್ದೆವು.

ಅಂದಿನಿಂದ ಒಂದು ಪದ್ಧತಿ ಇಟ್ಟುಕೊಂಡೆವು. ಕೆಲಸಕ್ಕೆ ಮುಂಚೆ ಮೂಲೆಯಲ್ಲಿ ಸೂಜಿಮೊನೆಯಷ್ಟು ತೂತು. ಕೆಲಸ ಮುಗಿದ ಮೇಲೆ ಸೊನ್ನೆಗೆ ಹಿಂತಿರುಗು ಎಂದರೆ ಮೊನೆ ಅದೇ ತೂತಿಗೆ ಇಳಿಯಬೇಕು. ಪೆಟ್ಟಿಗೆಯ ಮರದ ಮೇಲೆ ಮೂರು ಸಲ ಪೂರ್ತಿ ಪದ ಬರೆಸಿದೆವು, ಮೂರು ಸಲವೂ ಇಳಿಯಿತು. ನಡುವೆ ಕರೆಂಟು ಹೋದರೆ ನಿಯಂತ್ರಕ ತಾನೆಲ್ಲಿದ್ದೆನೆಂಬುದನ್ನೇ ಮರೆಯುತ್ತದೆ. ಅದಕ್ಕಾಗಿ ಎಲ್ಲವನ್ನೂ ಮನೆಯ ಇನ್ವರ್ಟರಿಗೆ ಸೇರಿಸಿದ್ದಾಯಿತು. ಕೈಗೆ ಸಿಗುವಲ್ಲಿ ಕೆಂಪು ಗುಂಡಿ, ಕಣ್ಣಿಗೆ ಕನ್ನಡಕ, 230 ವೋಲ್ಟಿನ ಭಾಗಕ್ಕೆ ಮುಚ್ಚಳ ಮತ್ತು ಭೂಸಂಪರ್ಕ, ಇವುಗಳಲ್ಲಿ ರಾಜಿಯಿಲ್ಲ.

ಭಾನುವಾರ ಬೆಳಗ್ಗೆ ಹಲಗೆಯನ್ನು ಅಟ್ಟದಿಂದ ಇಳಿಸಿದೆ. ಆಚಾರ್ರನ್ನು ಕರೆತಂದು ಕುರ್ಚಿಯಲ್ಲಿ ಕೂರಿಸಿದೆವು. ಅವರು ಹಲಗೆಯ ಮೇಲೆ ಕೈಯಾಡಿಸಿ, "ಇದಕ್ಕೆ ನಾರು ಯಾವ ಕಡೆ ಓಡುತ್ತೆ ಅಂತ ಗೊತ್ತಾ?" ಎಂದು ಯಂತ್ರವನ್ನು ತೋರಿಸಿ ಕೇಳಿದರು. ಗೊತ್ತಿಲ್ಲ ಎಂದೆವು. "ಹಾಗಾದ್ರೆ ಒಂದೇ ಸಲ ಆಳಕ್ಕೆ ಹೋಗಬೇಡಿ, ಸೀಳುತ್ತೆ." ಅವರ ಮಾತಿನಂತೆ ಸಲಕ್ಕೆ ಅರ್ಧ ಮಿಲಿಮೀಟರು, ಎಂಟು ಸುತ್ತಿನಲ್ಲಿ ನಾಲ್ಕು ಮಿಲಿಮೀಟರು ಇಳಿಸಿದೆವು. ಪ್ರತಿ ಸುತ್ತಿನಲ್ಲೂ 'ಢ'ದ ಹತ್ತಿರ ಬಂದಾಗ ನಾನು ಉಸಿರು ಬಿಗಿಹಿಡಿದಿದ್ದೆ. ಎಂಟನೆಯ ಸುತ್ತು ಮುಗಿದು ಮೊನೆ ಮೂಲೆಗೆ ಬಂದು ತನ್ನ ತೂತಿಗೆ ಇಳಿಯಿತು.

ಆಚಾರ್ರು ಎದ್ದು ಬಂದು ಪುಡಿಯನ್ನು ಊದಿ, 'ಢ'ದ ಅಡಿಯ ಗೆರೆಯಲ್ಲಿ ಉಗುರು ಓಡಿಸಿದರು. "ಗೆರೆ ನನ್ನದೇ. ಆದರೆ ಒಳಮೂಲೆಯೆಲ್ಲ ಮೊಂಡು" ಎಂದರು. ಮೂರು ಮಿಲಿಮೀಟರಿನ ದುಂಡು ಮೊನೆ ಒಳಮೂಲೆಯನ್ನು ಒಂದೂವರೆ ಮಿಲಿಮೀಟರಿನ ದುಂಡಾಗಿಯೇ ಬಿಡುತ್ತದೆ; ಎಷ್ಟು ಹೆಜ್ಜೆ ಒಡೆದರೂ ಅದು ಚೂಪಾಗದು. ಚೀಲದಿಂದ ಸಣ್ಣ ಉಳಿಯೊಂದನ್ನು ತೆಗೆದು, ಕೊಡತಿಯ ಗೊಡವೆಯಿಲ್ಲದೆ, ಅಂಗೈಯಿಂದಲೇ ಒತ್ತಿ ಮೂಲೆಗಳನ್ನು ಬಿಡಿಸತೊಡಗಿದರು. ಎರಡು ಮಧ್ಯಾಹ್ನ ಆ ಕೆಲಸ ನಡೆಯಿತು. ಹಲಗೆ ಈಗ ಮುಖ್ಯೋಪಾಧ್ಯಾಯರ ಕೋಣೆಯ ಬಾಗಿಲ ಮೇಲಿದೆ.